ಮನೆಗಳನ್ನು ಮುಟ್ಟಬೇಡ

ಫೆಬ್ರವರಿ 6

ಅಪ್ಪನಿಗೆ,

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ತಪ್ಪುಗಳೂ ಇರುತ್ತವೆ. ನಾಲ್ಕನೇ ತರಗತಿ ಬಿಟ್ಟ ಮೇಲೆ ನಾನು ಉದ್ದಕ್ಕೆ ಏನನ್ನೂ ಬರೆದಿಲ್ಲ. ಲಾಂಡ್ರಿಯಲ್ಲಿ ನನ್ನ ಕೆಲಸ ಗುರುತು ಹಾಕುವುದು. ಬಂದ ಬಟ್ಟೆಯ ಕಾಲರಿನ ಒಳಗೆ, ಹೊದಿಕೆಯ ಮೂಲೆಯಲ್ಲಿ, ಎಷ್ಟು ಒಗೆದರೂ ಹೋಗದ ಮಸಿಯಿಂದ ಎರಡು ಅಕ್ಷರ ಮತ್ತು ಒಂದು ಚುಕ್ಕೆ. ಯಾರದು ಯಾರಿಗೆ ಸೇರಬೇಕು ಎನ್ನುವುದು ಅದರಿಂದಲೇ ತಿಳಿಯುತ್ತದೆ. ಗುರುತಿನ ಕೆಲಸ ಮುಗಿದ ಮೇಲೆ ಇಸ್ತ್ರಿಗೆ ನಿಲ್ಲುತ್ತೇನೆ. ಎರಡಕ್ಷರಕ್ಕೆ ನಿಂತು ಅಭ್ಯಾಸವಾದ ಕೈ ಇದು. ಅದಕ್ಕೇ ಇಲ್ಲಿ ಅಕ್ಷರಗಳು ಮಾತು ಬಿಟ್ಟವರ ಹಾಗೆ ದೂರ ದೂರ ನಿಂತಿವೆ.

ನಿಮ್ಮ ವಿಳಾಸ ಹೇಗೆ ಸಿಕ್ಕಿತು ಎಂದು ನೀವು ಕೇಳಬಹುದು. ಕೋಟು ಕೊಡಲು ಬಂದ ಒಬ್ಬರು ನಿಮ್ಮ ಶಾಲೆಯಲ್ಲಿ ಹಾರ್ಮೋನಿಯಂ ಕಲಿತವರಂತೆ. ನಿಮ್ಮನ್ನು ಬಹಳ ಹೊಗಳಿದರು. ನಾನು ನಿಮ್ಮ ಮಗಳು ಎಂದು ಹೇಳಲಿಲ್ಲ. ವಿಳಾಸ ಮಾತ್ರ ಕೇಳಿ ಅಂಗೈ ಮೇಲೆ ಬರೆದುಕೊಂಡೆ. ಅದೇ ಮಸಿ, ವಾರವಾದರೂ ಹೋಗಲಿಲ್ಲ. ಅಮ್ಮ ನೋಡದ ಹಾಗೆ ಕೈ ಮುಚ್ಚಿಕೊಂಡು ಓಡಾಡಿದೆ.

ವಿಷಯ ಇಷ್ಟೇ. ನನಗೆ ಒಂದು ವಾಧ್ಯ ಕಲಿಯಬೇಕೆಂದು ಆಸೆ. ನನಗೀಗ ಇಪ್ಪತ್ನಾಲ್ಕು. ದೊಡ್ಡವರಾದ ಮೇಲೆ ಶುರು ಮಾಡುವವರಿಗೆ ಯಾವ ವಾಧ್ಯ ಸುಲಭ? ಚಿಕ್ಕವಳಿದ್ದಾಗ ನಿಮ್ಮ ಹಾರ್ಮೋನಿಯಂ ಮುಟ್ಟಲು ಬಂದರೆ ನೀವು ನನ್ನ ಕೈ ಎತ್ತಿ ಪಕ್ಕಕ್ಕೆ ಇಟ್ಟು, ಬೆರಳು ಗಿಡ್ಡ, ಇದು ನಿನಗಲ್ಲ ಅನ್ನುತ್ತಿದ್ದಿರಿ. ಈಗಲೂ ಗಿಡ್ಡವೇ. ಗಿಡ್ಡ ಬೆರಳಿಗೆ ಆಗುವಂಥದ್ದು ಯಾವುದಾದರೂ ಇದ್ದರೆ ತಿಳಿಸಿ.

ನೀವು ಬಿಟ್ಟು ಹೋದ ಹಳೆಯ ಹಾರ್ಮೋನಿಯಂ ಇನ್ನೂ ಇದೆ. ಅಮ್ಮ ಅದರ ಮೇಲೆ ಬಾಚಣಿಗೆ, ಎಣ್ಣೆ ಶೀಶೆ ಇಡುತ್ತಾಳೆ.

ಇಂತಿ,
ನಿಮ್ಮ ಮಗಳು


ಫೆಬ್ರವರಿ 27

ಪತ್ರ ತಲುಪಿತು.

ವಾದ್ಯ ಎಂದು ಬರೆಯುವಾಗ ದಕಾರದ ಹೊಟ್ಟೆ ಸೀಳಬಾರದು. ನೀನು ಎರಡು ಕಡೆಯೂ ಸೀಳಿದ್ದೀಯ.

ಸುಲಭದ ವಾದ್ಯ ಎನ್ನುವುದು ಯಾವುದೂ ಇಲ್ಲ. ಸ್ವಲ್ಪಕ್ಕೇ ತೃಪ್ತರಾಗುವ ಜನ ಇರುತ್ತಾರೆ, ಅಷ್ಟೆ. ಪಿಟೀಲು ಹಾಲುಹಲ್ಲು ಬೀಳುವ ವಯಸ್ಸಿಗೆ ಹಿಡಿಯಬೇಕು. ಕೊಳಲಿನಲ್ಲಿ ಮೊದಲ ವರ್ಷ ಬರೀ ಗಾಳಿ ಬರುತ್ತದೆ. ಗಿಟಾರಿನ ತಂತಿ ಬೆರಳ ತುದಿ ಕೊಯ್ಯುತ್ತದೆ, ಇಸ್ತ್ರಿ ಮಾಡುವವಳಿಗೆ ಅದು ಬೇಡ. ಡೋಲು ಬಾಡಿಗೆ ಮನೆಯಲ್ಲಿ ಇರುವವರಿಗಲ್ಲ. ಮೌತ್ ಆರ್ಗನ್ ತೆಗೆದುಕೊ. ಜೇಬಿನಲ್ಲಿ ಹಿಡಿಸುತ್ತದೆ. ಬೇಸರ ಬಂದರೆ ಯಾರಿಗಾದರೂ ಕೊಟ್ಟುಬಿಡಬಹುದು.

ಪತ್ರದಲ್ಲಿ ಕಲಿಸುವುದಕ್ಕೆ ಬರುವುದಿಲ್ಲ. ಶಾಲೆಯ ಕೆಲಸವೂ ಬಹಳ. ಅಲ್ಲೇ ಯಾರಾದರೂ ಮೇಷ್ಟ್ರನ್ನು ವಿಚಾರಿಸು.

ಇಂತಿ,
ತಂದೆ


ಮಾರ್ಚ್ 15

ಅಪ್ಪನಿಗೆ,

ಇನ್ನು ಮುಂದೆ ವಾದ್ಯದ ಹೊಟ್ಟೆ ಸೀಳುವುದಿಲ್ಲ.

ನೀವು ಹೇಳಿದ ಹಾಗೇ ಮೌತ್ ಆರ್ಗನ್ ತೆಗೆದುಕೊಂಡೆ. ಲಾಂಡ್ರಿಯಲ್ಲಿ ನನ್ನ ಪಕ್ಕದ ಮೇಜಿನವಳನ್ನು ನಾವು ಉಗಿಬಂಡಿ ಎಂದು ಕರೆಯುತ್ತೇವೆ. ಇಸ್ತ್ರಿ ಎತ್ತಿ ಇಡುವಾಗೆಲ್ಲ ಉಸ್ಸ್ ಎನ್ನುತ್ತಾಳೆ, ಅದಕ್ಕೆ. ಮಧ್ಯಾಹ್ನದ ಬಿಡುವಿನಲ್ಲಿ ನಾನು ಗೋಡೆಗೆ ಮುಖ ಮಾಡಿ ಊದುತ್ತಿದ್ದೆ. ಅವಳು ಬಗ್ಗಿ ನೋಡಿ, ಬಾಚಣಿಗೆ ಬಾಯಿಗಲ್ಲ ಕಣೇ, ತಲೆಗೆ, ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆಮೇಲೆ ಎಲ್ಲರ ಎದುರು ಊದಲು ನಾಚಿಕೆಯಾಯಿತು. ಮನೆಗೆ ಬಂದು ಊದಿದರೆ ಉಸಿರೇ ಸಾಲದು. ಇಡೀ ದಿನ ಉಗಿಯಲ್ಲಿ ನಿಂತವರ ಎದೆ ಸಂಜೆಗೆ ಒದ್ದೆ ಬಟ್ಟೆಯ ಹಾಗೆ ಭಾರವಾಗಿರುತ್ತದೆ. ಉಗಿಬಂಡಿ ಹೇಳುವುದು ಸರಿ, ಇಲ್ಲಿ ಉಸಿರು ಬಿಡುವುದಕ್ಕೇ ಲೆಕ್ಕ ಹಾಕಬೇಕು, ಊದುವುದಕ್ಕೆ ಎಲ್ಲಿಂದ ತರುವುದು.

ಅಪ್ಪಾ, ಒಂದು ಮಾತು. ಎದುರಿಗಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ. ನನಗೆ ಯಾವ ವಾದ್ಯವಾದರೂ ನಡೆಯುತ್ತದೆ. ನಿಮ್ಮಿಂದ ಒಂದು ಹಾಡು ಕಲಿಯಬೇಕು. ಒಂದೇ ಸಾಕು, ಚಿಕ್ಕದಾದರೂ ಸರಿ. ನಿಮ್ಮ ಹತ್ತಿರ ಕಲಿತವರು ಎಷ್ಟೋ ಜನ ಇದ್ದಾರೆ. ಅವರ ಕೋಟಿಗೆ ನಾನು ಗುರುತು ಹಾಕುತ್ತೇನೆ. ನಿಮ್ಮ ಮಗಳಾಗಿ ನನಗೆ ಒಂದು ಹಾಡೂ ಬರುವುದಿಲ್ಲ ಎಂದು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ.

ಬಿಡುವಾದಾಗ ಬರೆಯಿರಿ.

ಇಂತಿ,
ನಿಮ್ಮ ಮಗಳು


ಜೂನ್ 20

ಮಗಳೇ,

ಉತ್ತರ ಬರೆಯುವುದು ತಡವಾಯಿತು. ಮೈ ಸರಿ ಇರಲಿಲ್ಲ. ಈಗ ಪರವಾಗಿಲ್ಲ.

ನಿನ್ನ ಪತ್ರವನ್ನು ಮತ್ತೆ ಓದಿದೆ. ಯೋಚಿಸಿ ನೋಡಿದರೆ ನಿನಗೆ ಹಾರ್ಮೋನಿಯಮ್ಮೇ ಸರಿ. ದೊಡ್ಡವರಾದ ಮೇಲೆ ಕಲಿಯುವವರಿಗೆ ಅದಕ್ಕಿಂತ ಸುಲಭದ್ದು ಬೇರೆ ಇಲ್ಲ. ಇಸ್ತ್ರಿ ಹಿಡಿಯುವುದು ಬಲಗೈಯಲ್ಲಿ ತಾನೆ? ಎಡಗೈ ಹೇಗಿದೆ? ನೋವು ಗೀವು ಇಲ್ಲವಷ್ಟೆ?

ಆ ಹಳೆಯ ಹಾರ್ಮೋನಿಯಂ ಇಳಿಸಿ ಒರೆಸು. ಹಿಂದುಗಡೆ ಮಡಿಕೆ ಮಡಿಕೆಯಾಗಿ ಗಾಳಿ ಒತ್ತುವ ಹಲಗೆ ಇದೆಯಲ್ಲ, ಅದು ತಿದಿ. ಹಾರ್ಮೋನಿಯಮ್ಮಿನ ಜೀವ ಅಲ್ಲಿರುವುದು, ಬೆರಳಿನಲ್ಲಲ್ಲ. ಎಡಗೈಯಿಂದ ತಿದಿ ಒತ್ತು. ಅದು ಸೋರುತ್ತದೆ, ಸೋರಲಿ, ಅಭ್ಯಾಸಕ್ಕೆ ಅದೇ ಒಳ್ಳೆಯದು. ಮೇಲೆ ಒಂದು ಲೋಟದಲ್ಲಿ ನೀರಿಡು. ಒತ್ತುವಾಗ ನೀರು ಅಲುಗಬಾರದು. ನೀರು ನಿಂತ ದಿನ ಬರೆ.

ಕರಿ, ಬಿಳಿ ಮನೆಗಳನ್ನು ಮುಟ್ಟಬೇಡ. ಅದು ಆಮೇಲೆ.

ನಿನ್ನ,
ಅಪ್ಪ


ಜುಲೈ 11

ಅಪ್ಪನಿಗೆ,

ನಿಮ್ಮ ಪತ್ರದ ಮೊದಲ ಪದವನ್ನೇ ಎಷ್ಟು ಸಲ ಓದಿದೆ ಎಂದು ಹೇಳಿದರೆ ನಗುತ್ತೀರಿ. ಅದನ್ನು ಬಿಟ್ಟು ಮುಂದಕ್ಕೆ ಹೋಗಲು ಸಂಜೆಯಾಯಿತು.

ಕೊನೆಗೆ ಬಂದಾಗ ಮಾತ್ರ ಹೆದರಿದೆ. ಮನೆಗಳನ್ನು ಮುಟ್ಟಬೇಡ ಎಂದಿರಲ್ಲ, ನಿಮ್ಮ ಆ ಮನೆಯ ತಂಟೆಗೆ ಬರಬೇಡ ಎನ್ನುತ್ತಿದ್ದೀರಿ ಎಂದೇ ತಿಳಿದೆ. ಪತ್ರ ಮಡಿಸಿ ಲಕೋಟೆಗೆ ಹಾಕಿಬಿಟ್ಟೆ. ಅಮ್ಮ ಏನಾಯಿತು ಎಂದು ಕೇಳಿದಳು. ಇನ್ನು ಮುಚ್ಚಿಡಲು ಆಗಲಿಲ್ಲ, ಪತ್ರ ಓದಿ ಹೇಳಿದೆ. ಅಮ್ಮ ಗುಂಡಿ ಹೊಲಿಯುತ್ತಿದ್ದ ಅಂಗಿಯಿಂದ ಕಣ್ಣು ಎತ್ತದೆ ಹೇಳಿದಳು:

“ಬೆರಳಲ್ಲಿ ಒತ್ತೋ ಪಟ್ಟಿಗೆ ಮನೆ ಅಂತಾರೆ ಕಣೇ. ಅಷ್ಟೊಂದು ಮನೆ ಮುಂದಿಟ್ಕೊಂಡು ಕೂರ್ತಿದ್ದ. ಆದರೂ ಆ ಮನುಷ್ಯನಿಗೆ ಸಾಲಲಿಲ್ಲ.”

ನೀವು ಬೇಸರ ಮಾಡಿಕೊಳ್ಳಬೇಡಿ. ಅಮ್ಮನ ಬಾಯಿ ನಿಮಗೆ ಗೊತ್ತಲ್ಲ. ಅಷ್ಟು ಅಂದವಳೇ ಬಾಚಣಿಗೆ, ಶೀಶೆ ತೆಗೆದು ಕಿಟಕಿಯಲ್ಲಿ ಇಟ್ಟಳು. ಹಾರ್ಮೋನಿಯಮ್ಮಿಗೆ ಅಂಟಿದ್ದ ಎಣ್ಣೆಯ ವೃತ್ತಗಳನ್ನು ನಾನು ಸೋಡಾ ನೀರಿನಿಂದ ಉಜ್ಜಿ ತೆಗೆದೆ.

ದಿನಾ ಕೆಲಸಕ್ಕೆ ಹೋಗುವ ಮುಂಚೆ ತಿದಿ ಒತ್ತುತ್ತೇನೆ. ಮೊದಮೊದಲು ಲೋಟ ಉರುಳಿ ನೆಲವೆಲ್ಲ ನೀರಾಯಿತು. ಜೋರಾಗಿ ಒತ್ತುವುದು ತಪ್ಪು, ಇಸ್ತ್ರಿಯಲ್ಲಿ ರೇಷ್ಮೆಗೆ ಕೈ ಹಗುರ ಬಿಡುವ ಹಾಗೆ ಬಿಡಬೇಕು ಎಂದು ಆಮೇಲೆ ಹೊಳೆಯಿತು. ಈಗ ನೀರು ನಿಲ್ಲುತ್ತದೆ. ನೊಣ ಕೂತರೆ ಮಾತ್ರ ಅಲುಗುತ್ತದೆ. ಸದ್ದು ಮಾಡದ ಸಂಗೀತ ನೋಡಿದ್ದು ಇದೇ ಮೊದಲು, ಹೀಗೇ ಇರಲಿ ಎಂದು ಅಮ್ಮ ಅನ್ನುತ್ತಾಳೆ. ಉಗಿಬಂಡಿಗೆ ಹೇಳಿದಾಗ, ಹಾಡು ಯಾವಾಗ ಬರುತ್ತೆ ಎಂದು ಕೇಳಿದಳು. ನಮ್ಮಪ್ಪ ಹೇಳಿದಾಗ ಎಂದೆ. ನಮ್ಮಪ್ಪ ಎಂದು ಲಾಂಡ್ರಿಯಲ್ಲಿ ನಾನು ಅಂದದ್ದು ಅದೇ ಮೊದಲು. ಸುಮ್ಮಸುಮ್ಮನೆ ಇನ್ನೊಮ್ಮೆ ಅಂದೆ.

ಮನೆಗಳನ್ನು ಮುಟ್ಟಿಲ್ಲ. ಒರೆಸುವಾಗಲೂ ಬಟ್ಟೆಯಿಂದ ಮೇಲೆ ಮೇಲೆ ಒರೆಸಿದೆ.

ನಿಮ್ಮ ಅಕ್ಷರ ಮೊದಲಿನ ಹಾಗೇ ಮುತ್ತಿನಂತಿದೆ, ಆದರೆ ಸಾಲುಗಳೆಲ್ಲ ಬಲಕ್ಕೆ ಜಾರಿ ಇಳಿದಿವೆ. ಕನ್ನಡಕ ಬದಲಾಗಬೇಕೇನೋ. ತೋರಿಸಿಕೊಳ್ಳಿ.

ಇಂತಿ,
ನಿಮ್ಮ ಮಗಳು


ಆಗಸ್ಟ್ 3

ಮಗಳೇ,

ಕನ್ನಡಕ ಸರಿಯಾಗಿದೆ. ಮೇಜು ಓರೆ.

ನೀರು ನಿಂತಿತು ಎಂದು ಓದಿ ಸಮಾಧಾನವಾಯಿತು. ನನ್ನ ಶಾಲೆಯ ಮಕ್ಕಳಲ್ಲಿ ಅಷ್ಟು ಬೇಗ ಯಾರಿಗೂ ನಿಂತಿಲ್ಲ. ನಿನ್ನಲ್ಲಿ ಕೈ ಇದೆ.

ಈ ತಿಂಗಳ ಕೊನೆಯ ಶನಿವಾರ ಸಂಜೆ ಮಕ್ಕಳ ಹಾಡಿನ ಕಾರ್ಯಕ್ರಮ. ನೀನು ಹಿಂದಿನ ದಿನವೇ ಬಾ. ಒಂದು ವಾರ ರಜೆ ಹಾಕು. ಮನೆಗಳನ್ನು ಇಲ್ಲೇ ತೋರಿಸುತ್ತೇನೆ.

ಬರುವಾಗ ಮಣಿಕಟ್ಟಿನವರೆಗೆ ತೋಳಿರುವ ಕಪ್ಪು ಅಂಗಿ ತೆಗೆದುಕೊಂಡು ಬಾ. ಕೈಗೆ ಏನೂ ಹಾಕಿಕೊಳ್ಳಬೇಡ.

ಅಪ್ಪ


ಆಗಸ್ಟ್ 16

ಅಪ್ಪನಿಗೆ,

ರಜೆ ಸಿಕ್ಕಿತು. ಮೇಲ್ವಿಚಾರಕರು ಗೊಣಗಿದರು, ಉಗಿಬಂಡಿ ನನ್ನ ಪಾಲಿನ ಗುರುತು ತಾನು ಹಾಕುತ್ತೇನೆ ಎಂದಳು. ಅವಳ ಅಕ್ಷರಕ್ಕೆ ಯಾರ ಪ್ಯಾಂಟು ಯಾರ ಮನೆ ಸೇರುತ್ತದೋ.

ಕಪ್ಪು ಅಂಗಿ ಇರಲಿಲ್ಲ. ಯಾರೂ ಬಂದು ಒಯ್ಯದೆ ಉಳಿದ ಬಟ್ಟೆಗಳ ರಾಶಿಯಲ್ಲಿ ಒಂದಿತ್ತು. ಕೇಳಿ ತೆಗೆದುಕೊಂಡೆ. ತೋಳು ಉದ್ದ, ಒಳಕ್ಕೆ ಮಡಿಸಿ ಹೊಲಿದೆ. ಕಾರ್ಯಕ್ರಮದಲ್ಲಿ ಎಲ್ಲರೂ ಒಂದೇ ಬಣ್ಣ ಹಾಕಿಕೊಳ್ಳುತ್ತಾರೇನೋ ಎಂದುಕೊಂಡಿದ್ದೇನೆ.

ಅಮ್ಮ ನಿಮ್ಮ ಪತ್ರವನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ, ಆಸೆಪಟ್ಟು ಕರೆದನೋ, ಅಗತ್ಯ ಬಿದ್ದು ಕರೆದನೋ, ಅದನ್ನ ತಿಳ್ಕೊಂಡು ಹೋಗು, ಎಂದಳು. ಎರಡಕ್ಕೂ ಏನು ವ್ಯತ್ಯಾಸ, ಕರೆದದ್ದು ಕರೆದದ್ದೇ ಅಲ್ಲವೇ ಎಂದೆ. ಅಮ್ಮ ನನ್ನ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು.

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ.

ಇಂತಿ,
ನಿಮ್ಮ ಮಗಳು


ಸೆಪ್ಟೆಂಬರ್ 14

ಮಗಳೇ,

ವಾರ ಇರುವುದಕ್ಕೆ ಬಂದವಳು ಭಾನುವಾರವೇ ಯಾರಿಗೂ ಹೇಳದೆ ಹೊರಟುಬಿಟ್ಟೆ. ದೊಡ್ಡವರ ಮನೆಯಲ್ಲಿ ಹೀಗೆ ಮಾಡಬಾರದು.

ಇದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಮುಂದಿನ ತಿಂಗಳು ಎಂಟನೇ ತಾರೀಖು ಶಾಲೆಯ ಆಡಳಿತದವರು ಪಾಠ ನೋಡಲು ಬರುತ್ತಾರೆ. ನನ್ನ ಎಡಗೈ ವಿಷಯ ಅವರಿಗೆ ತಿಳಿಯುವಂತಿಲ್ಲ. ತಿಳಿದರೆ ನನ್ನನ್ನು ಮನೆಗೆ ಕಳಿಸುತ್ತಾರೆ. ಅವತ್ತಿನ ಹಾಗೇ ಪರದೆ ಕಟ್ಟಿಸುತ್ತೇನೆ. ನೀನು ಎರಡು ದಿನ ಮೊದಲು ಬಾ, ಅದೇ ಅಂಗಿ ತಾ.

ಬೆರಳಿನ ವಿಷಯಕ್ಕೆ ಬೇಸರ ಮಾಡಿಕೊಂಡಿದ್ದರೆ, ಬಾ, ಎರಡು ಮನೆ ತೋರಿಸೋಣ.

ಅಪ್ಪ


ಸೆಪ್ಟೆಂಬರ್ 29

ಅಪ್ಪನಿಗೆ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಎದುರಿಗೆ ನನಗೆ ಮಾತು ಬರುವುದಿಲ್ಲ, ಅದಕ್ಕೇ ಹೇಳದೆ ಬಂದೆ. ಕಾಗದದ ಮೇಲೆ ಸ್ವಲ್ಪ ಬರುತ್ತದೆ.

ಶುಕ್ರವಾರ ನಿಮ್ಮ ಬಾಗಿಲು ತಟ್ಟಿದಾಗ ತೆಗೆದವರು ನಿಮ್ಮ ಮನೆಯವರು. ಅವರನ್ನು ಚಿಕ್ಕಮ್ಮ ಅನ್ನಬೇಕೋ ಏನನ್ನಬೇಕೋ ತಿಳಿಯದೆ ಚೀಲ ಹಿಡಿದು ನಿಂತಿದ್ದೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಬಂದ್ಯಾ, ಸದ್ಯ, ಅವರು ಮೂರು ತಿಂಗಳಿಂದ ಹಾರ್ಮೋನಿಯಂ ಪೆಟ್ಟಿಗೆ ತೆಗೆದಿಲ್ಲ ಎಂದರು. ಒಳಗೆ ನೀವು ಕೂತಿದ್ದಿರಿ. ಎಡಗೈ ತೊಡೆಯ ಮೇಲೆ ಹಿಂಡಿ ಇಟ್ಟ ಕರವಸ್ತ್ರದ ಹಾಗೆ ಬಿದ್ದಿತ್ತು. ನಿಮ್ಮ ಸಾಲುಗಳು ಯಾಕೆ ಜಾರುತ್ತವೆ ಎಂದು ಆಗ ತಿಳಿಯಿತು. ಬರೆಯುವಾಗ ಕಾಗದ ಹಿಡಿದುಕೊಳ್ಳುವುದಕ್ಕೆ ನಿಮಗೆ ಇನ್ನೊಂದು ಕೈ ಇರಲಿಲ್ಲ.

ನನಗೆ ಅಳು ಬಂತು. ನೀವು ಅದನ್ನು ನೋಡಿ, ಊಟ ಮಾಡಿ ತಿದಿ ಹಿಡಿ, ನಾಳೆಗೆ ಹೊತ್ತಿಲ್ಲ ಎಂದಿರಿ.

ಶನಿವಾರ ಬೆಳಿಗ್ಗೆ ನಿಮ್ಮ ಕಪ್ಪು ಕೋಟು ಇಸ್ತ್ರಿ ಮಾಡಿಕೊಟ್ಟೆ. ಎಡ ತೋಳನ್ನು ಒಳಕ್ಕೆ ಮಡಿಸಿ ಪಿನ್ನು ಹಾಕು ಎಂದಾಗಲೂ ನನಗೆ ಹೊಳೆಯಲಿಲ್ಲ. ಸಂಜೆ ಹಾರ್ಮೋನಿಯಂ ಪಕ್ಕ ಪರದೆ ಕಟ್ಟಿ, ನನ್ನನ್ನು ಅದರ ಹಿಂದೆ ಕೂರಿಸಿ, ಸಂದಿನಿಂದ ಕೈ ಮಾತ್ರ ಹೊರಗೆ ಹಾಕು ಎಂದಾಗ ಹೊಳೆಯಿತು. ಕಪ್ಪು ಕೋಟಿಗೆ ಕಪ್ಪು ತೋಳು. ದೂರದಲ್ಲಿ ಕೂತವರಿಗೆ ಅದು ನಿಮ್ಮದೇ ಕೈ.

ಆದರೂ ಒತ್ತಿದೆ, ಅಪ್ಪಾ. ನಿಜ ಹೇಳಬೇಕೆಂದರೆ ಆಗ ನನಗೆ ದುಃಖವಿರಲಿಲ್ಲ. ಪರದೆಯ ಹಿಂದೆ ಕತ್ತಲು, ನೀವು ಕಾಣುವುದಿಲ್ಲ, ಆದರೆ ನಾನು ಕೊಟ್ಟ ಗಾಳಿಯೇ ನಿಮ್ಮ ಬೆರಳ ಕೆಳಗೆ ಹಾಡಾಗಿ ಹೊರಗೆ ಬರುತ್ತಿತ್ತು. ನೀವು ಎಲ್ಲಿ ಎಳೆಯುತ್ತೀರಿ, ಎಲ್ಲಿ ಬಿಡುತ್ತೀರಿ ಎಂದು ನನ್ನ ಅಂಗೈಗೇ ತಿಳಿಯುತ್ತಿತ್ತು. ಇದನ್ನೇ ಕಲಿಸುವುದು ಅನ್ನುತ್ತಾರೇನೋ ಎಂದುಕೊಂಡೆ.

ಕಾರ್ಯಕ್ರಮ ಮುಗಿದು ಜನ ಏಳುವಾಗ ನಾನು ಹೊರಗೆ ಬಂದೆ. ಬರಬಾರದಿತ್ತು ಎಂದು ನಿಮ್ಮ ಕಣ್ಣು ಹೇಳಿತು. ಒಬ್ಬ ಹುಡುಗಿಯ ತಾಯಿ ನಿಮ್ಮ ಹತ್ತಿರ ಬಂದು, ಇವತ್ತು ನಿಮ್ಮ ತಿದಿ ಎಷ್ಟು ಹಗುರ ಇತ್ತು ಮೇಷ್ಟ್ರೇ, ಮಗು ನಿದ್ದೆಯಲ್ಲಿ ಉಸಿರಾಡಿದ ಹಾಗಿತ್ತು ಎಂದರು. ನೀವು ತಲೆ ಬಾಗಿಸಿದಿರಿ. ಆಮೇಲೆ ಅವರು ನನ್ನ ಕಡೆ ನೋಡಿದರು.

“ಇವರ್ಯಾರು?”

“ಇಸ್ತ್ರಿಗೆ ಬಂದವಳು,” ಎಂದಿರಿ.

ಅದು ಸುಳ್ಳಲ್ಲ. ಆ ತಾಯಿ ನನಗೆ ಒಂದು ನಗು ಕೊಟ್ಟು, ಕೋಟು ಚೆನ್ನಾಗಿ ಕೂತಿದೆ ಎಂದರು.

ಅವತ್ತೇ ಹೊರಟು ಬರುತ್ತಿದ್ದೆ. ನಾಳೆ ಮನೆಗಳನ್ನು ತೋರಿಸುತ್ತಾರಲ್ಲ ಎಂದು ಉಳಿದೆ. ಭಾನುವಾರ ಬೆಳಿಗ್ಗೆ ನಿಮ್ಮ ಎದುರಿಗೆ ಕೂತು ಒಂದು ಬಿಳಿ ಮನೆಯ ಮೇಲೆ ಬೆರಳಿಟ್ಟೆ. ಒತ್ತಲೂ ಇಲ್ಲ, ಇಟ್ಟೆ ಅಷ್ಟೆ. ನೀವು ನಿಮಗೆ ಉಳಿದ ಒಂದೇ ಕೈಯಿಂದ ನನ್ನ ಕೈ ಎತ್ತಿ ಪಕ್ಕಕ್ಕೆ ಇಟ್ಟಿರಿ. ಚಿಕ್ಕವಳಿದ್ದಾಗ ಇಟ್ಟ ಹಾಗೇ, ಅಷ್ಟೇ ಮೆಲ್ಲಗೆ.

“ಬೆರಳು ಗಿಡ್ಡ ಕಣೇ. ನಿನಗೆ ತಿದಿ ಸಾಕು.”

ನೀವು ಸ್ನಾನಕ್ಕೆ ಹೋದಾಗ ಚೀಲ ತೆಗೆದುಕೊಂಡು ಬಂದೆ.

ಕೈ ಬಿದ್ದುಹೋಗಿದೆ, ಬಾ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಲಾಂಡ್ರಿ ಬಿಟ್ಟು ಬಂದು ಬದುಕಿರುವವರೆಗೂ ತಿದಿ ಒತ್ತುತ್ತಿದ್ದೆ. ಹಾಡು ಕಲಿಸಿ ಎಂದೂ ಕೇಳುತ್ತಿರಲಿಲ್ಲ. ಅದನ್ನು ಬರೆಯುವ ಬದಲು ನೀವು ಮಗಳೇ ಎಂದು ಬರೆದಿರಿ. ಅದೇ ಪದ ಇಟ್ಟುಕೊಂಡು ನಾನು ಎಷ್ಟು ದಿನ ನೀರು ನಿಲ್ಲಿಸಿದೆ. ನಿಮಗೆ ಸುಲಭದ ವಾಧ್ಯ ಬೇಕಿತ್ತು, ಅದು ನಾನು. ಈ ಸಲ ಬೇಕೆಂದೇ ಹೊಟ್ಟೆ ಸೀಳಿದ್ದೇನೆ.

ಎಂಟನೇ ತಾರೀಖು ನಾನು ಬರುವುದಿಲ್ಲ. ಅಂಗಿಯನ್ನು ರಾಶಿಗೆ ವಾಪಸು ಹಾಕಿದೆ. ಕೋಟು ಇಸ್ತ್ರಿಗೆ ಇದ್ದರೆ ಕಳಿಸಿ, ಎಲ್ಲರದ್ದನ್ನೂ ಮಾಡುವ ಹಾಗೆ ಮಾಡಿಕೊಡುತ್ತೇವೆ.

ಬಂದ ದಿನ ಅಮ್ಮ ಚೀಲ ಬಿಚ್ಚಿ ಬಟ್ಟೆ ತೆಗೆದಿಟ್ಟಳು. ಶೀಶೆ, ಬಾಚಣಿಗೆ ಕಿಟಕಿಯಲ್ಲೇ ಇವೆ, ಹಾರ್ಮೋನಿಯಮ್ಮಿನ ಮೇಲೆ ಮತ್ತೆ ಇಟ್ಟಿಲ್ಲ. ಕಳೆದ ವಾರ ನಾನು ತಿದಿಯ ತೂತಿಗೆ ಕಾಲರಿನೊಳಗೆ ಹಾಕುವ ದಪ್ಪ ಬಟ್ಟೆ ಕತ್ತರಿಸಿ, ಗಂಜಿ ಹಚ್ಚಿ ಅಂಟಿಸಿದೆ. ಒಣಗಲು ಬಿಟ್ಟಿದ್ದೆ.

ಇವತ್ತು ಬೆಳಿಗ್ಗೆ ಅಮ್ಮ ತಲೆ ಬಾಚಿಕೊಳ್ಳುತ್ತಿದ್ದಾಗ ಕೂತು, ಎಡಗೈಯಲ್ಲಿ ತಿದಿ ಒತ್ತಿ, ಗಿಡ್ಡ ಬೆರಳಿನಿಂದ ಒಂದೊಂದೇ ಮನೆ ಮುಟ್ಟುತ್ತಾ ಹೋದೆ. ಎಲ್ಲ ಮೂಕ. ಕೊನೆಯ ಕಡೆ ಒಂದು ಬಿಳಿಯದು ಮಾತ್ರ ಶೀತ ಆದವರ ಗಂಟಲಿನಲ್ಲಿ ದನಿ ಕೊಟ್ಟಿತು. ಅಮ್ಮನ ಬಾಚಣಿಗೆ ನಿಂತಿತು. ಲಾಂಡ್ರಿಯ ಮಸಿ ನನ್ನ ಚೀಲದಲ್ಲಿತ್ತು. ತೆಗೆದು ಆ ಮನೆಯ ಮೇಲೆ ನನ್ನ ಎರಡಕ್ಷರ ಬರೆದು, ಚುಕ್ಕೆ ಇಟ್ಟು, ಒಣಗುವವರೆಗೆ ಊದಿದೆ.

ಇಂತಿ,
ಇಸ್ತ್ರಿಗೆ ಬಂದವಳು